ಅರಂತೋಡಿನ ಮೌನಿಗೆ ಒಂದು ವೀಳ್ಯ

ನಮ್ಮವರಿಗೆ ಐವತ್ತು ತುಂಬಿದ ವರ್ಷ, ಒಂದು ದಿನ ಸಂಜೆಯ ಕಾಫಿ ಕುಡಿದು ಲೋಟ ಕೆಳಗಿಟ್ಟವರು, "ಇದರ ಸುಖ ಲೋಟದ ತಳದವರೆಗೆ ಮಾತ್ರ ಅಲ್ವಾ?" ಎಂದು ಕೇಳಿದರು. ಸಕ್ಕರೆ ಕಡಿಮೆಯಾಯಿತೇನೋ ಎಂದು ನಾನು ಡಬ್ಬ ತಂದೆ. ಸಕ್ಕರೆಯ ಮಾತಲ್ಲವಂತೆ. ಬಂದ ಸುಖವೆಲ್ಲ ಹೋಗುತ್ತದಲ್ಲ, ಹೋಗದೆ ಉಳಿಯುವ ಸುಖ ಯಾವುದು ಎಂಬ ಚಿಂತೆಯಂತೆ. ನನಗೆ ಆ ಹೊತ್ತಿಗೆ ಮರುದಿನದ ಇಡ್ಲಿಗೆ ಉದ್ದು ನೆನೆಹಾಕುವ ಚಿಂತೆ ಇತ್ತು. ನೆನೆಹಾಕಿದ ಉದ್ದು ಬೆಳಗಾದರೆ ಇಡ್ಲಿಯಾದರೂ ಆಗುತ್ತದೆ. ಇವರ ಚಿಂತೆ ಏನಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮದು ಅರಂತೋಡಿನಲ್ಲಿ ರಸ್ತೆ ಬದಿಯ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬಾಗಿಲಿನ ಆಚೆ ನಮ್ಮವರು, ಮಹೇಶ್ವರ ಭಟ್ಟರು. ಈಚೆ ನಾನು, ಸತ್ಯವತಿ (ಇವರು ಕರೆಯುವುದು ಸತ್ಯ ಎಂದು), ಮತ್ತು ನನ್ನ ಒಲೆ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗುವ ಬಸ್ಸುಗಳು ಸಂಪಾಜೆಯ ಘಾಟಿ ಹತ್ತುವ ಮೊದಲು ನಮ್ಮಲ್ಲಿ ನಿಲ್ಲುತ್ತಿದ್ದವು. ಇಂಜಿನ್ನಿಗೆ ನೀರು, ಜನರಿಗೆ ಚಹಾ. ಆದರೆ ಜನ ಚಹಾಕ್ಕಿಂತ ಹೆಚ್ಚಾಗಿ ಇವರ ಮಾತಿಗೆ ಇಳಿಯುತ್ತಿದ್ದರು. ಯಾವ ಊರಿನವರು ಬಂದರೂ ಆ ಊರಿನಲ್ಲಿ ಇವರಿಗೆ ಗುರುತಿನವನೊಬ್ಬ ಇದ್ದೇ ಇರುತ್ತಿದ್ದ. ಬಾಯಿ ತುಂಬ ಎಲೆಯಡಿಕೆ, ಅದರ ಸಂದಿಯಲ್ಲಿ ಮಾತು. ಎರಡೂ ಇಲ್ಲದ ಇವರನ್ನು ನಾನು ನೋಡಿದ್ದು ನಿದ್ದೆಯಲ್ಲಿ ಮಾತ್ರ.

ನಮಗೆ ಒಬ್ಬಳೇ ಮಗಳು, ವಸುಮತಿ. ಅವಳ ಜಾತಕ ಆ ತಿಂಗಳು ಆಲಂಕಾರಿನ ಒಂದು ಮನೆಗೆ ಹೋಗಿ, ಕೂಡಿಬರುತ್ತದೆ ಎಂಬ ಉತ್ತರದೊಂದಿಗೆ ಹಿಂದೆ ಬಂದಿತ್ತು. ಹುಡುಗ ಕೃಷ್ಣಮೋಹನ, ಅಲ್ಲೇ ಶಾಲೆಯಲ್ಲಿ ಮೇಷ್ಟ್ರು. ತಂದೆ ಇಲ್ಲ, ಸೋದರಮಾವ ಯಜ್ಞೇಶ್ವರ ಭಟ್ಟರೇ ಮನೆಗೆ ಹಿರಿಯರು. ಅವರ ಅಡಿಕೆ ತೋಟ ಚೆನ್ನಾಗಿದೆ, ಸಿಟ್ಟು ಅದಕ್ಕಿಂತ ಚೆನ್ನಾಗಿದೆ ಎಂದು ಕೇಳಿದ್ದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಯೂ ಆಗಿತ್ತು. ಪುತ್ತೂರಿನಲ್ಲಿ ವಸುಮತಿಯ ಗೆಳತಿ ಕಮಲಾವತಿಯ ಮದುವೆ ಊಟದಲ್ಲಿ ಪಾಯಸ ಬಡಿಸಲು ಬಂದವನು ಇವನೇ. ಇವಳು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ, ಕೈ ಸರಿಯುವವರೆಗೂ ಸೌಟು ಹಿಡಿದು ಕಾದು ನಿಂತನಂತೆ. "ಮುಂದಿನ ಎಲೆಯವರು ಪಾಯಸ ಪಾಯಸ ಅಂತ ಕೂಗ್ತಾ ಇದ್ರು ಅಮ್ಮ, ಇವರಿಗೆ ಕೇಳುದೇ ಇಲ್ಲ" ಎಂದು ವಸುಮತಿ ದೂರು ಹೇಳುವಾಗ ನಾನು ಅವಳ ಮುಖ ನೋಡಿದೆ. ದೂರು ಹೇಳುವವರ ಮುಖ ಹಾಗಿರುವುದಿಲ್ಲ. ಈ ಮದುವೆ ಆಗಲೇಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ.

ಅಷ್ಟರಲ್ಲಿ ಬಂದ, ಆ ಸಾಧು. ಘಾಟಿಯ ಬುಡದಲ್ಲಿ ಬಸ್ಸಿನ ಆಕ್ಸಲ್ ತುಂಡಾಗಿ, ತಲಕಾವೇರಿಗೆ ಹೊರಟಿದ್ದ ಆ ಮಹಾರಾಯ ನಮ್ಮ ಬೆಂಚಿನ ಮೇಲೆ ಉಳಿದ. ಉತ್ತರದ ಕಡೆಯವನು, ಕನ್ನಡ ಬಾರದು. ಇಡ್ಲಿ ತಿನ್ನಲು ಭಾಷೆ ಬೇಡವಲ್ಲ. ತಪ್ಪಲೆ ಖಾಲಿಯಾದ ಮೇಲೆ ನಮ್ಮವರು ತಮ್ಮ ಪ್ರಶ್ನೆ ಎತ್ತಿದರು, ಹೋಗದ ಸುಖ ಯಾವುದು ಎಂದು. ಮಾತು ದಾಟಿಸಲು ಸಿಕ್ಕಿದವರು ಉಸ್ಮಾನ್ ಬ್ಯಾರಿಗಳು. ಕಾಳುಮೆಣಸಿನ ವ್ಯಾಪಾರದಲ್ಲಿ ಕೆಲವು ವರ್ಷ ಬೊಂಬಾಯಿಯಲ್ಲಿದ್ದು ಹಿಂದೂಸ್ತಾನಿ ಕಲಿತವರು, ದಿನಾ ಬೆಳಿಗ್ಗೆ ನಮ್ಮಲ್ಲಿ ಚಹಾ ಕುಡಿಯದೆ ವ್ಯಾಪಾರಕ್ಕೆ ಇಳಿಯದವರು. ಸಾಧು ಒಂದು ಮಾತು ಹೇಳುವುದು, ಬ್ಯಾರಿಗಳು ಅದನ್ನು ಕನ್ನಡ ಮಾಡಿ ತಮ್ಮದೊಂದು ಮಾತು ಸೇರಿಸುವುದು.

"ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ ಕೂತು ಉಸಿರು ನೋಡ್ಬೇಕಂತೆ ಭಟ್ರೇ. ಒಂದು ಮಂಡಲ, ಅಂದ್ರೆ ನಲವತ್ತೆಂಟು ದಿನ. ನಾಲಿಗೆಗೆ ತುಂಬ ಪ್ರೀತಿಯದ್ದು ಯಾವುದುಂಟು, ಅದನ್ನು ಅಷ್ಟು ದಿನ ಬಿಡ್ಬೇಕಂತೆ. ನಡುವೆ ತಪ್ಪಿದ್ರೆ ಪುನಃ ಒಂದನೇ ದಿನದಿಂದ. ನನ್ನನ್ನು ಕೇಳಿದ್ರೆ, ಇವರು ಮೊದಲು ಇಡ್ಲಿ ಬಿಟ್ಟು ತೋರಿಸ್ಲಿ."

ಕೊನೆಯ ಮಾತು ಸಾಧುವಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಆಶೀರ್ವಾದ ಮಾಡಿದ.

ನಾಲಿಗೆಗೆ ಪ್ರೀತಿಯದ್ದು ಯಾವುದು ಎಂದು ಇವರು ಒಂದು ದಿನ ಯೋಚಿಸಿದರು. ನನ್ನನ್ನು ಕೇಳಿದ್ದರೆ ಒಂದು ಗಳಿಗೆಯಲ್ಲಿ ಹೇಳುತ್ತಿದ್ದೆ. ಕೊನೆಗೆ ಅವರೇ ಕಂಡುಹಿಡಿದರು: ಎಲೆಯಡಿಕೆ ಮತ್ತು ಮಾತು. ಎಲೆಯಡಿಕೆ ಪೂರ್ತಿ ಬಿಡುವುದು. ಮಾತು ಪೂರ್ತಿ ಬಿಟ್ಟರೆ ಹೋಟೆಲು ಮುಚ್ಚಬೇಕಾಗುತ್ತದೆ, ಆದುದರಿಂದ ಬೆಳಿಗ್ಗೆ ಎದ್ದಲ್ಲಿಂದ ನಡು ಮಧ್ಯಾಹ್ನದವರೆಗೆ ಮೌನ. ಅಡಿಕೆಯ ನಾಡಿನಲ್ಲಿ ಅಡಿಕೆ ಬಿಟ್ಟವನೆಂದರೆ ಸಮುದ್ರದ ಬದಿಯಲ್ಲಿ ಉಪ್ಪು ಬಿಟ್ಟವನ ಹಾಗೆ. ಜನ ನೋಡಿಕೊಂಡು ಹೋಗಲೆಂದೇ ಬಸ್ಸಿನಿಂದ ಇಳಿಯತೊಡಗಿದರು.

ಧ್ಯಾನಕ್ಕೆ ಜಾಗ ಸಿಗುವುದು ಅಷ್ಟು ಸುಲಭವಿರಲಿಲ್ಲ. ಮೊದಲ ದಿನ ಜಗಲಿಯಲ್ಲಿ ಕೂತರು. ಮುಂಜಾನೆಯ ಬಸ್ಸಿನ ಡ್ರೈವರ್ ಕುಕ್ಕಪ್ಪ ಬಂದು, ಭಟ್ಟರು ಕಣ್ಣು ಮುಚ್ಚಿ ಅಲುಗಾಡದೆ ಕೂತದ್ದನ್ನು ಕಂಡು, ಇಂಜಿನ್ನಿಗೆಂದು ತುಂಬಿಸಿದ್ದ ಕೊಡಪಾನದ ನೀರನ್ನು ಅವರ ತಲೆಗೆ ಸುರಿದ. ತಲೆ ತಿರುಗಿ ಹೋಗಿದೆ ಎಂದುಕೊಂಡನಂತೆ. ಪಾಪ, ಒಳ್ಳೆಯ ಮನಸ್ಸಿನವನು. ಮೌನವಾದ ಕಾರಣ ಇವರಿಗೆ ಬೈಯಲೂ ಆಗಲಿಲ್ಲ. ಮರುದಿನ ಸೌದೆ ಕೊಟ್ಟಿಗೆಗೆ ಹೋದರು. ಅಲ್ಲಿ ಕೆಂಪಿರುವೆಗಳು ಅವರಿಗಿಂತ ಮೊದಲೇ ಮಂಡಲ ಹಿಡಿದು ಕೂತಿದ್ದವು. ಆಮೇಲೆ ಬಚ್ಚಲು ಕೊಟ್ಟಿಗೆಯ ಮೂಲೆ ಸಿಕ್ಕಿತು. ಹಂಡೆಯ ಒಲೆಯ ಬಿಸಿ, ಮಂದ ಬೆಳಕು, ಗದ್ದಲವಿಲ್ಲ. ಅಲ್ಲಿ ಕೂತ ಎರಡನೇ ದಿನದಿಂದ ಒಳಗಿಂದ ಗೊರಕೆ ಕೇಳತೊಡಗಿತು.

ಮಧ್ಯಾಹ್ನ ಬಾಯಿ ಬಿಡುಗಡೆಯಾದ ಮೇಲೆ ಕೇಳಿದೆ, "ಧ್ಯಾನದಲ್ಲಿ ಗೊರಕೆ ಬರ್ತದಾ?"

"ಅದು ಗೊರಕೆ ಅಲ್ಲ ಮಾರಾಯ್ತಿ, ಪ್ರಾಣಾಯಾಮ. ಉಸಿರು ಆಳಕ್ಕೆ ಇಳಿದಾಗ ಹಾಗೆ ಸ್ವರ ಬರುದು."

"ನಮ್ಮ ಎಮ್ಮೆಗೂ ಬರ್ತದೆ" ಎಂದೆ. ಮಾತು ಬೇಡವೆನಿಸಿದಾಗ ಮಧ್ಯಾಹ್ನದ ಮೇಲೂ ಮೌನ ಹಿಡಿಯುವುದನ್ನು ಅಷ್ಟರಲ್ಲಿ ಕಲಿತಿದ್ದರು.

ಹೋಟೆಲಿನಲ್ಲಿ ಬೆಳಗಿನ ಹೊತ್ತು ಎಲ್ಲ ಕೈಸನ್ನೆ. ಹೆಬ್ಬೆರಳು ಎತ್ತಿದರೆ ಚಹಾ, ಎರಡು ಬೆರಳೆತ್ತಿದರೆ ಕಾಫಿ, ಅಂಗೈ ತಟ್ಟಿದರೆ ದೋಸೆ. ಕೆಲವು ದಿನ ಜನರಿಗೆ ಮೋಜಾಯಿತು. ಆಮೇಲೆ ಬೇಸರ ಬಂತು. ಉಸ್ಮಾನ್ ಬ್ಯಾರಿಗಳು ಹೊರಗಿನ ಬೆಂಚಿನಲ್ಲಿ ಕೂತು ಒಳಗೆ ನನಗೆ ಕೇಳುವ ಹಾಗೆ ಹೇಳಿದರು: "ಅಮ್ಮ, ಮೊದಲು ನಿಮ್ಮ ಚಹಾ ಇಷ್ಟು ನೀರು ಅಂತ ಗೊತ್ತಾಗ್ತಾ ಇರ್ಲಿಲ್ಲ. ಭಟ್ರ ಮಾತಿನ ಒಟ್ಟಿಗೆ ಕುಡಿದು ಹೋಗ್ತಿತ್ತು. ಈಗ ಬರೀ ಚಹಾ ಕುಡಿಯುವ ಕಷ್ಟ ನಮಗೆ." ನಾನು ಒಂದು ಚಮಚ ಪುಡಿ ಹೆಚ್ಚು ಹಾಕಿದೆ, ಆದರೆ ಅವರಿಗೆ ಕೇಳುವ ಹಾಗೆ ಏನೂ ಹೇಳಲಿಲ್ಲ.

ಸುಳ್ಳು ಹೇಳಬಾರದು. ದಿನ ಕಳೆದ ಹಾಗೆ ಇವರಲ್ಲಿ ಏನೋ ಬದಲಾಯಿತು. ಹಾಲು ಉಕ್ಕಿ ಒಲೆಗೆ ಚೆಲ್ಲಿದರೆ ಹಿಂದೆಲ್ಲ ಮನೆಯ ಮಾಡಿನ ಹಂಚು ಹಾರುವ ಹಾಗೆ ಕೂಗುತ್ತಿದ್ದವರು, ಈಗ ಬಟ್ಟೆ ತಂದು ಒರೆಸಿ ಹೋಗುತ್ತಿದ್ದರು. ಮುಖದಲ್ಲಿ ಒಂದು ನಗು ಬಂದು ಕೂತಿತ್ತು. ಯಾರು ಏನು ಹೇಳಿದರೂ ಅದೇ ನಗು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ರುಬ್ಬುವ ಕಲ್ಲು ತೊಳೆದಿಟ್ಟು, ಒಲೆ ಆರಿಸಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಾಗ ನನಗೂ ದಿನಕ್ಕೊಮ್ಮೆ ಒಂದು ಸುಖ ಸಿಗುತ್ತದೆ. ಅದು ಹೋಗುತ್ತದೆ, ನಾಳೆ ಪುನಃ ಬರುತ್ತದೆ. ಅದಕ್ಕೆ ನಾನು ಯಾವತ್ತೂ ಯಾವ ಸಾಧುವನ್ನೂ ಕೇಳಿದವಳಲ್ಲ.

ಮಂಡಲ ಮುಗಿಯಲು ಕೆಲವೇ ದಿನ ಉಳಿದಿದ್ದಾಗ ಕುಕ್ಕಪ್ಪ ಆಲಂಕಾರಿನಿಂದ ಹೇಳಿಕಳುಹಿಸಿದ್ದನ್ನು ತಂದ: ಗುರುವಾರ ಊಟ ಮುಗಿಸಿ, ಮಧ್ಯಾಹ್ನದ ಮೇಲೆ ಹುಡುಗ ಮತ್ತು ಸೋದರಮಾವ ಮಾತುಕತೆಗೆ ಬರುತ್ತಾರೆ. ನನ್ನ ಎದೆ ಹಾರಿತು. ಹಾರಿದ್ದು ಸಂತೋಷಕ್ಕೆ, ಮರುಕ್ಷಣ ಭಯಕ್ಕೆ. ನಮ್ಮ ಕಡೆಯ ಕ್ರಮ ಹೀಗಿತ್ತು: ಮಾತೆಲ್ಲ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರು ತಮ್ಮ ಕೈಯಾರೆ ಒಂದು ವೀಳ್ಯ ಮಡಚಿ ಹೆಣ್ಣಿನ ತಂದೆಗೆ ಕೊಡುವುದು. ತಂದೆ ಅದನ್ನು ಬಾಯಿಗೆ ಹಾಕಿದರೆ ಸಂಬಂಧ ಒಪ್ಪಿಗೆ. ಹಾಕದಿದ್ದರೆ ಇಲ್ಲ. ಒಪ್ಪಿಗೆ ಇಲ್ಲ ಎಂದು ಬಾಯಿಬಿಟ್ಟು ಹೇಳಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಹಿಂದಿನವರು ಮಾಡಿದ ಉಪಾಯ ಅದು.

"ವೀಳ್ಯ ಕೊಟ್ಟರೆ ಎಂತ ಮಾಡ್ತೀರಿ?" ಎಂದು ಕೇಳಿದೆ.

"ವ್ರತ ಉಂಟು ಅಂತ ಹೇಳುದು. ಇನ್ನು ನಾಲ್ಕು ದಿನ ಕಳೆದು ಆಲಂಕಾರಿಗೇ ಬಂದು ತಿನ್ತೇನೆ ಅಂತ ಹೇಳುದು."

"ಅವರು ಕೇಳದಿದ್ರೆ?"

"ಮಾತಿನಲ್ಲಿ ನಾನು ಸೋತದ್ದು ನೀನು ನೋಡಿದ್ದುಂಟಾ?" ಎಂದು ಅದೇ ನಗು ನಕ್ಕರು.

ನೋಡಿರಲಿಲ್ಲ. ಮಧ್ಯಾಹ್ನದ ಮೇಲೆ ಬರುವವರಲ್ಲವೇ, ಬಾಯಿ ಆಗ ಬಿಡುಗಡೆಯಾಗಿರುತ್ತದೆ.

ಗುರುವಾರ ಮಧ್ಯಾಹ್ನದ ಮೇಲೆ ರಾಹುಕಾಲ ಎಂಬುದು ಯಜ್ಞೇಶ್ವರ ಭಟ್ಟರಿಗೆ ಬುಧವಾರ ನೆನಪಾಯಿತಂತೆ. ಬುಧವಾರವೇ ಹೊರಟು, ಸುಳ್ಯದಲ್ಲಿ ನೆಂಟರ ಮನೆಯಲ್ಲಿ ಉಳಿದು, ಗುರುವಾರ ಬೆಳಗಿನ ತಿಂಡಿಯ ಗಲಾಟೆ ಮುಗಿಯುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಬಂದು ಇಳಿದರು. ಬಿಳಿ ಪಂಚೆ, ಹೆಗಲಿಗೆ ಶಾಲು, ಕಂಕುಳಲ್ಲಿ ಎಲೆಯಡಿಕೆ ಸಂಚಿ. ಹಿಂದೆ ಕೃಷ್ಣಮೋಹನ, ತಲೆ ತಗ್ಗಿಸಿ, ಕಣ್ಣು ಮಾತ್ರ ಒಳಬಾಗಿಲಿನ ಕಡೆ. ನಮ್ಮವರು ಆಗಷ್ಟೇ ಬಚ್ಚಲು ಕೊಟ್ಟಿಗೆಯಿಂದ ಎದ್ದು ಬಂದಿದ್ದರು. ಗಾಬರಿಯಿಂದ ಕೈಮುಗಿದು, ಮಣೆ ಹಾಕಿ ಕೂರಿಸಿದರು. ನಾನು ಬೆಲ್ಲ ನೀರು ಕಳುಹಿಸಿದೆ. ಬಾಗಿಲಿನ ಹಿಂದೆ ನಿಂತು ಇಣುಕಿ ನೋಡಿದರೆ ಸೂರ್ಯ ಇನ್ನೂ ತೆಂಗಿನ ತಲೆಯ ಹತ್ತಿರ ಇದ್ದ.

ಯಜ್ಞೇಶ್ವರ ಭಟ್ಟರು ಮಾತಾಡಿದರು. ಇವರು ತಲೆಯಾಡಿಸಿದರು. ಹುಡುಗನ ಓದು, ಸಂಬಳ, ಮನೆಯ ಕ್ರಮ ಎಲ್ಲ ಹೇಳಿದರು. ಇವರು ನಕ್ಕರು. ಇಷ್ಟು ಹೊತ್ತು ತಮ್ಮ ಮಾತಿಗೆ ಯಾರೂ ಅಡ್ಡಬಾರದೆ ಇದ್ದದ್ದು ಆ ಮನುಷ್ಯನ ಆಯುಸ್ಸಿನಲ್ಲಿ ಮೊದಲಿರಬೇಕು, ಮುಖ ಅರಳುತ್ತಾ ಹೋಯಿತು. "ಹೋಟೆಲಿನವರು ತುಂಬ ಮಾತಾಡ್ತಾರೆ ಅಂತ ಕೇಳಿದ್ದೆ. ನೀವು ಗಂಭೀರ. ನನಗೆ ಅಂಥವರೇ ಆಗುದು. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಲ್ಲ" ಎಂದರು. ಹೊರಗಿನ ಬೆಂಚಿನಲ್ಲಿ ಉಸ್ಮಾನ್ ಬ್ಯಾರಿಗಳಿಗೆ ಚಹಾ ನೆತ್ತಿಗೆ ಹತ್ತಿತು. ವಸುಮತಿ ಕಾಫಿ ತಂದಿಟ್ಟಳು. ಕೃಷ್ಣಮೋಹನ ಲೋಟ ತೆಗೆದುಕೊಳ್ಳುವುದನ್ನು ಮರೆತ. ಬಾಗಿಲಿನ ಹಿಂದೆ ನಾನು ಇದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ, ಈ ಮಾತು ಇನ್ನೂ ಸ್ವಲ್ಪ ಉದ್ದವಾಗಲಿ, ಸೂರ್ಯ ಮೇಲೆ ಬರಲಿ ಎಂದು.

ದೇವರು ಕೇಳಲಿಲ್ಲ. ಯಜ್ಞೇಶ್ವರ ಭಟ್ಟರು ಸಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದು, ಪಂಚೆಗೆ ಒರೆಸಿ, ಸುಣ್ಣ ಹಚ್ಚಿ, ತಮ್ಮ ತೋಟದ್ದೇ ಅಡಿಕೆ ಎಂದು ಹೇಳಿ ಒಂದು ಹೋಳಿಟ್ಟು, ಮಡಚಿ, ಬಲಗೈಯಲ್ಲಿ ಹಿಡಿದು ಎಡಗೈ ತಾಗಿಸಿ ಮುಂದೆ ಚಾಚಿದರು. ನಮ್ಮವರು ಆ ವೀಳ್ಯವನ್ನು ನೋಡಿದರು. ಕೈ ಮುಗಿದರು. ಬೇಡವೆಂದು ತಲೆಯಾಡಿಸಿದರು.

ಹೇಳಿಕೊಂಡ ಹರಕೆಗಳನ್ನೆಲ್ಲ ನಾನು ಬಾಗಿಲಿನ ಹಿಂದೆ ಎರಡು ಪಟ್ಟು ಮಾಡಿದೆ.

ಯಜ್ಞೇಶ್ವರ ಭಟ್ಟರು ಕೈ ಹಿಂದೆ ತೆಗೆಯದೆ ಇನ್ನೊಮ್ಮೆ ಚಾಚಿದರು. ಇವರು ಇನ್ನೊಮ್ಮೆ ಕೈಮುಗಿದು, ಎಲ್ಲ ವಿವರಿಸುವವರ ಹಾಗೆ ಬೆರಳನ್ನು ಮೇಲೆತ್ತಿ ಸೂರ್ಯನ ಕಡೆ, ಆಮೇಲೆ ನಡು ನೆತ್ತಿಯ ಕಡೆ, ಆಮೇಲೆ ಬಾಗಿಲಿನ ಹೊರಗೆ ತೋರಿಸಿದರು. ಸೂರ್ಯ ನೆತ್ತಿಗೆ ಬಂದ ಮೇಲೆ ಮಾತಾಡುವ, ವೀಳ್ಯವನ್ನು ಆಲಂಕಾರಿಗೇ ಬಂದು ತಿನ್ನುವ ಎಂದು ಅದರ ಅರ್ಥ. ಅದು ಗೊತ್ತಿದ್ದದ್ದು ನನಗೆ ಮತ್ತು ಬ್ಯಾರಿಗಳಿಗೆ. ಅಷ್ಟು ದೂರದಿಂದ ಬಂದು ಕೂತವರಿಗೆ ಕಂಡದ್ದು, ಹೆಣ್ಣಿನ ತಂದೆ ವೀಳ್ಯ ನಿರಾಕರಿಸಿ, ನಿಮಗೆ ತಲೆ ಉಂಟಾ ಎಂದು ಕೇಳಿ, ಬಾಗಿಲು ತೋರಿಸಿದ್ದು. ಅದೂ ನಗುತ್ತಾ.

ಉಸ್ಮಾನ್ ಬ್ಯಾರಿಗಳು ಬೆಂಚಿನಿಂದ ಎದ್ದು ಬಂದರು. "ಸ್ವಾಮಿ, ತಪ್ಪು ತಿಳ್ಕೊಬೇಡಿ. ಭಟ್ರಿಗೆ ಮಧ್ಯಾಹ್ನದವರೆಗೆ ಮೌನವ್ರತ. ಅವರು ಧ್ಯಾನ ಮಾಡುದು."

"ಮೌನ ಸರಿ. ನಾನೂ ವ್ರತ ಮಾಡಿದವನೇ" ಎಂದರು ಯಜ್ಞೇಶ್ವರ ಭಟ್ಟರು. "ವೀಳ್ಯ ತಿನ್ಲಿಕ್ಕೆ ಮಾತು ಬೇಕಾ? ಬಾಯಿ ಇದ್ದರೆ ಸಾಲದಾ?"

"ಅಡಿಕೆಯೂ ಬಿಟ್ಟಿದ್ದಾರೆ."

ಅದನ್ನು ಹೇಳಬಾರದಿತ್ತು. ಯಜ್ಞೇಶ್ವರ ಭಟ್ಟರು ವೀಳ್ಯ ಹಿಡಿದುಕೊಂಡೇ ಎದ್ದು ನಿಂತರು. "ನಮ್ಮ ಅಜ್ಜನ ಕಾಲದಿಂದ ನಾವು ಉಂಡದ್ದು ಅಡಿಕೆಯಿಂದ. ಅದನ್ನು ಬಿಟ್ಟವರ ಮನೆಗೆ ಅಡಿಕೆ ಹಿಡ್ಕೊಂಡು ಬಂದದ್ದು ನಮ್ಮದೇ ತಪ್ಪು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುದಿಲ್ಲ. ಏಳು ಮೋಹನ, ಹೋಗುವ."

ಕೃಷ್ಣಮೋಹನ ಎದ್ದ. ಎದ್ದವನು ಒಂದು ಹೆಜ್ಜೆ ಇಟ್ಟು ನಿಂತ. "ಮಾವ" ಎಂದ. ಪಾಯಸದ ಸೌಟು ಹಿಡಿದು ಕಾಯುವಷ್ಟು ಧೈರ್ಯ ಸೋದರಮಾವನ ಮುಂದೆ ಯಾರಿಗೆ ಇರುತ್ತದೆ? ಇಬ್ಬರೂ ರಸ್ತೆಗೆ ಇಳಿದರು. ಮಡಿಕೇರಿಯಿಂದ ಇಳಿದು ಬರುವ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ನನ್ನ ಹಿಂದೆ ವಸುಮತಿ ಅಡುಗೆಮನೆಯ ಕಂಬ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಅಲ್ಲೇ ಇದ್ದು ಸಮಾಧಾನ ಮಾಡುತ್ತಿದ್ದೆ, ಸಂಬಂಧ ಬಸ್ಸು ಹತ್ತಿ ಹೋಗುತ್ತಿತ್ತು.

ಮದುವೆಯಾಗಿ ಬಂದಲ್ಲಿಂದ ಗಿರಾಕಿಗಳಿರುವ ಹೊತ್ತಿನಲ್ಲಿ ಆ ನಡುಬಾಗಿಲನ್ನು ನಾನು ದಾಟಿದವಳಲ್ಲ. ಅವತ್ತು ದಾಟಿದೆ. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಬೆಂಚುಗಳ ನಡುವಿನಿಂದ, ದೋಸೆ ತಿನ್ನುವವರ ಮುಂದಿನಿಂದ ನಡೆದು ಹೋಗಿ ರಸ್ತೆಯಲ್ಲಿ ನಿಂತು ಕೈ ಚಾಚಿದೆ.

"ಆ ವೀಳ್ಯ ಇಲ್ಲಿ ಕೊಡಿ" ಎಂದೆ.

ಯಜ್ಞೇಶ್ವರ ಭಟ್ಟರು ಕಣ್ಣರಳಿಸಿದರು. "ತಂದೆ ಇರುವಾಗ ತಾಯಿಗೆ ಕೊಡುವ ಕ್ರಮ ಇಲ್ಲ ನಮ್ಮಲ್ಲಿ."

"ಹೆತ್ತದ್ದು ನಾನು. ಸಾಕಿದ್ದು ನಾನು. ಇವರು ಕಣ್ಣು ಮುಚ್ಚಿ ಕೂತದ್ದು. ಕ್ರಮಕ್ಕೆ ಇವರ ಬಾಯಿ ಬೇಕಾದ್ರೆ ಬಾಯಿಯನ್ನು ನಾನು ತರ್ತೇನೆ. ವೀಳ್ಯ ಕೊಡಿ."

ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಕೊಟ್ಟರೋ, ನಾನೇ ಎಳೆದುಕೊಂಡೆನೋ ಈಗಲೂ ಸರಿಯಾಗಿ ನೆನಪಿಲ್ಲ. ವೀಳ್ಯ ನನ್ನ ಕೈಯಲ್ಲಿತ್ತು. ನಮ್ಮವರು ನನ್ನ ಹಿಂದೆಯೇ ರಸ್ತೆಯವರೆಗೆ ಬಂದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಮುಖದ ಮೇಲಿನ ಆ ನಗು ಅಂತೂ ಹೋಗಿತ್ತು. ಅವರ ಮುಂದೆ ಹೋಗಿ ವೀಳ್ಯವನ್ನು ಬಾಯಿಯ ಹತ್ತಿರ ಹಿಡಿದೆ. ಅವರು ನನ್ನನ್ನು ನೋಡಿದರು. ನನ್ನ ಹೆಗಲಿನ ಮೇಲಿನಿಂದ ಒಳಗೆ ನೋಡಿದರು. ಆಮೇಲೆ ಚಿಕ್ಕ ಮಕ್ಕಳು ತೆರೆಯುವ ಹಾಗೆ ಬಾಯಿ ತೆರೆದರು. ನಾನು ಇಟ್ಟೆ. ಅವರು ಜಗಿದರು.

ಬಸ್ಸು ಬಂದು ನಿಂತಿತು. ಯಾರೂ ಹತ್ತಲಿಲ್ಲ.

ಅಡಿಕೆಯಲ್ಲಿ ಸೊಕ್ಕುವ ಅಡಿಕೆ ಎಂದು ಒಂದುಂಟು. ದಿನಾ ತಿನ್ನುವವನಿಗೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟವನು ತಿಂದರೆ ಕಿವಿ ಬಿಸಿಯಾಗಿ, ಮೈ ಬೆವರಿ, ಭೂಮಿ ತಿರುಗುತ್ತದೆ. ನಮ್ಮವರ ಹಣೆಯಲ್ಲಿ ಮೊದಲು ಬೆವರು ಬಂತು. ಕಿವಿ ಕೆಂಪಾಯಿತು. ಮೆಲ್ಲಗೆ ಕಾಲು ಮಡಚಿ, ನಮ್ಮ ಹೋಟೆಲಿನ ಮೆಟ್ಟಿಲಲ್ಲಿ ಕೂತು, ಕಣ್ಣು ಮುಚ್ಚಿದರು. ಬೆನ್ನು ನೇರ, ಮುಖದಲ್ಲಿ ಒಂದು ಚಲನೆ ಇಲ್ಲ. ಬಚ್ಚಲು ಕೊಟ್ಟಿಗೆಯಲ್ಲಿ ಅಷ್ಟು ದಿನ ಕೂತರೂ ಅಂಥ ಸಮಾಧಿ ಅವರಿಗೆ ಬಂದಿರಲಿಲ್ಲ. ಬಸ್ಸಿನ ಕಿಟಕಿಯಿಂದ ಯಾರೋ ಹೆಂಗಸು ಕೈಮುಗಿದಳು.

"ಸೊಕ್ಕಿತು" ಎಂದರು ಯಜ್ಞೇಶ್ವರ ಭಟ್ಟರು. ಬಗ್ಗಿ ಇವರ ಮುಖ ನೋಡಿದರು. ಅವರ ಸಿಟ್ಟು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಮೊದಲು ಹುಬ್ಬು ಸಡಿಲವಾಯಿತು, ಆಮೇಲೆ ಮೀಸೆ. "ಇದು ನಮ್ಮ ಕೆರೆ ಬದಿಯ ಮರದ್ದು. ಅದರ ಅಡಿಕೆ ಹಾಗೆಯೇ. ಒಮ್ಮೆ ನಮ್ಮ ಭಾವನನ್ನೂ ಹೀಗೇ ಕೂರಿಸಿತ್ತು. ಸನ್ಯಾಸಿಯನ್ನೂ ಕೂರಿಸ್ತದೆ ಅಂತ ಈಗ ಗೊತ್ತಾಯಿತು." ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. ಅವರ ತೋಟಕ್ಕೆ ಅಷ್ಟು ದೊಡ್ಡ ಮರ್ಯಾದೆ ಆ ಮೊದಲು ಸಿಕ್ಕಿರಲಿಕ್ಕಿಲ್ಲ.

ಅಷ್ಟರಲ್ಲಿ ನಮ್ಮ ಮೌನಿ ಒಂದು ಕಣ್ಣು ತೆರೆದು, ನಡು ಮಧ್ಯಾಹ್ನಕ್ಕೆ ತುಂಬ ಮೊದಲೇ ಬಾಯಿ ಬಿಟ್ಟರು.

"ಮಜ್ಜಿಗೆ" ಎಂದರು.

ಒಳಗಿನಿಂದ ವಸುಮತಿ ನಕ್ಕದ್ದು ರಸ್ತೆಯವರೆಗೆ ಕೇಳಿತು. ಉಪ್ಪು ಹಾಕಿದ ಮಜ್ಜಿಗೆ ತೆಗೆದುಕೊಂಡು ಅವಳೇ ಓಡಿ ಬಂದಳು. ಲೋಟ ಕೈಯಿಂದ ಕೈಗೆ ದಾಟಿಸಲು ನಡುವೆ ಕೃಷ್ಣಮೋಹನ ಏಕೆ ಬೇಕಿತ್ತೋ ಗೊತ್ತಿಲ್ಲ, ಅವನ ಕೈಯಿಂದಲೇ ಅದು ಅವಳಪ್ಪನಿಗೆ ಹೋಯಿತು. "ಹೆಣ್ಣಿನ ಕಡೆಯವರು ವೀಳ್ಯ ತಿಂದಾಯಿತು. ಇನ್ನು ದಿನ ನೋಡುದು" ಎಂದು ಯಜ್ಞೇಶ್ವರ ಭಟ್ಟರು ಒಳಗೆ ಬಂದು ಮಣೆಯ ಮೇಲೆ ಪುನಃ ಕೂತರು. ಕುಕ್ಕಪ್ಪನ ಬಸ್ಸಲ್ಲವಾದರೂ ಆ ಬಸ್ಸಿನವನೂ ಇಳಿದು ಒಂದು ಚಹಾ ಕುಡಿದು ಹೋದ. ಮಾಘ ಮಾಸದಲ್ಲಿ ಮದುವೆ ಎಂದು ಮಾತಾಯಿತು. ಊಟ ಮಾಡಿಸಿ, ರಾಹುಕಾಲ ಕಳೆದ ಮೇಲೆ ಅವರನ್ನು ಕಳುಹಿಸಿದೆವು.

ಗೆದ್ದೆ ಎನಿಸಿತು ನನಗೆ. ಗೆದ್ದವಳಿಗೆ ಸಿಟ್ಟು ತೀರಿಸಿಕೊಳ್ಳುವ ಹಕ್ಕು ಉಂಟು. ಇಡೀ ದಿನ ಕೆಲಸದ ನಡುವೆ ಒಂದೊಂದೇ ಮಾತನ್ನು ಕೂಡಿಸಿಟ್ಟುಕೊಂಡು, ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಹೊರಗೆ ಬಂದೆ. ಇವರು ಬ್ಯಾರಿಗಳ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಬಾಯಲ್ಲಿ ಎಲೆಯಡಿಕೆಯೂ ಇಲ್ಲ, ಮಾತೂ ಇಲ್ಲ.

"ಮಂಡಲ ಮುರಿಯಿತಲ್ಲ. ನಾಳೆ ಒಂದನೇ ದಿನವಾ?" ಎಂದು ಶುರು ಮಾಡಿದೆ.

ಅವರು ಇಲ್ಲವೆಂದು ತಲೆಯಾಡಿಸಿದರು. "ನಾನು ವೀಳ್ಯ ಬೇಡ ಅಂದದ್ದು ವ್ರತಕ್ಕೆ ಅಲ್ಲ, ಸತ್ಯ."

"ಮತ್ತೆ ಎಂತಕ್ಕೆ?"

"ತಿಂದರೆ ಅವಳು ಹೋಗ್ತಾಳಲ್ಲ ಅಂತ ಆಯಿತು. ಕೈ ಏಳಲಿಲ್ಲ. ವ್ರತ ಉಂಟು ಅಂತ ನನಗೆ ನಾನೇ ಹೇಳ್ಕೊಂಡೆ. ಜಾತಕ ಕೂಡಿಬಂತು ಅಂತ ನೀನು ಹೇಳಿದ ದಿನದಿಂದ ಹಾಗೇ. ಅವಳು ಹೋದ ಮೇಲೂ ಇರುವಂಥದ್ದು ಏನಾದ್ರೂ ಒಂದು ಒಳಗೆ ಸಿಗ್ತದಾ ಅಂತ ಹುಡುಕ್ಲಿಕ್ಕೆ ಕೂತದ್ದು ನಾನು. ಅಡಿಕೆ, ಮಾತು ಎಲ್ಲ ಬಿಟ್ಟೆ. ಅವಳನ್ನು ಬಿಡ್ಲಿಕ್ಕೆ ಆಗಲಿಲ್ಲ."

ಕೂಡಿಸಿಟ್ಟ ಮಾತುಗಳಲ್ಲಿ ಒಂದೂ ನನಗೆ ಸಿಗಲಿಲ್ಲ. ಮದುವೆ ಆಗಲೇಬೇಕೆಂದು ಹಟ ಹಿಡಿದವಳು ನಾನು. ಮದುವೆಯ ಮರುದಿನ ಬೆಳಿಗ್ಗೆ ಈ ಮನೆ ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿದವಳಲ್ಲ. ಮೂರ್ಖ ಎಂದು ನಾನು ಬೈಯುತ್ತಿದ್ದ ಈ ಮನುಷ್ಯ ಅದನ್ನೇ ಯೋಚಿಸುತ್ತಾ, ನನಗೆ ಹೇಳಲೂ ಆಗದೆ, ಹಂಡೆಯ ಒಲೆಯ ಬುಡದಲ್ಲಿ ಅಷ್ಟು ದಿನ ಕಣ್ಣು ಮುಚ್ಚಿ ಕೂತಿದ್ದರು. ನನಗೆ ಅಳು ಬಂತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

"ಮತ್ತೆ ಬಾಯಿ ತೆರೆದದ್ದು?" ಎಂದು ಕೇಳಿದೆ.

"ನೀನು ವೀಳ್ಯ ಹಿಡಿದಾಗ ಅವಳು ಒಳಗೆ ಬಾಗಿಲಲ್ಲಿ ನಿಂತಿದ್ದಳು. ನಾನು ತೆರೀತೇನಾ ಅಂತ ನೋಡ್ತಾ ಇದ್ದಳು." ಅವರು ಒಳಬಾಗಿಲಿನ ಕಡೆ ತಿರುಗಿದರು. "ಅಷ್ಟು ಆಸೆಯಿಂದ ಅವಳು ನನ್ನ ಹತ್ತಿರ ಎಂತದ್ದೂ ಕೇಳಿದ್ದಿಲ್ಲ, ಸತ್ಯ."

ಒಳಗೆ ವಸುಮತಿ ಮರುದಿನಕ್ಕೆ ಲೋಟಗಳನ್ನು ತೊಳೆದು ಒಂದರ ಮೇಲೊಂದು ಕವುಚಿ ಹಾಕುತ್ತಿದ್ದಳು. ನಡುನಡುವೆ ಏನೋ ಗುನುಗುತ್ತಿದ್ದಳು. ಮಾಘಕ್ಕೆ ಇನ್ನು ಮೂರು ತಿಂಗಳಿತ್ತು. ನಾವಿಬ್ಬರೂ ಕಣ್ಣು ತೆರೆದುಕೊಂಡೇ ಕೂತು, ಅವಳ ಕೆಲಸ ಮುಗಿಯುವವರೆಗೆ ಕೇಳಿದೆವು.